ಜಲಜಾಳ ಬ್ಲಾಗಿಗೆ ಬಂದ ಅತಿಥಿಗಳು

೧೧ ಆಗಸ್ಟ್ ೨೦೦೮, ಸೋಮವಾರ

ಹಾಲು ಉಕ್ಕಿತು. ಒಲೆ ಒರೆಸಿದೆ. ಕಂಪ್ಯೂಟರ್ ಹಾಕಿದೆ. ಜಲಜಾಳ ನೋಟ್‌ಬುಕ್ ನೋಡಿಕೊಂಡು ಹೀರೇಕಾಯಿ ಸಿಪ್ಪೆ ಚಟ್ನಿ ಟೈಪ್ ಮಾಡಿದೆ. ಎರಡು ಬೆರಳಲ್ಲಿ ಒಂದು ಗಂಟೆ. ಕೆಳಗೆ ಎಂದಿನಂತೆ ಅವಳ ಹೆಸರು.

ಅವಳು ಹೋಗಿ ಎಂಬತ್ತು ದಿನ. ಬ್ಲಾಗ್ ಓದುವವರಿಗೆ ಗೊತ್ತಿಲ್ಲ. ಮೊದಲ ವಾರವೇ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಯಾರೋ ‘ಆಂಟಿ, ಸಾರು ಸೂಪರ್’ ಎಂದು ಬರೆದರು... ಅವಳ ಪರವಾಗಿ ಥ್ಯಾಂಕ್ಸ್ ಹೇಳಿಬಿಟ್ಟೆ. ಹೆಂಡತಿ ಇನ್ನೂ ಇರುವ ಜಾಗ ಅದೊಂದೇ.

೧೪ ಆಗಸ್ಟ್, ಗುರುವಾರ

ಇವತ್ತೂ ಬರೆಯಲಾಗಲಿಲ್ಲ. ಉಪ್ಪಿಟ್ಟು ಎಂದು ಟೈಪ್ ಮಾಡಿ ಅರ್ಧ ಗಂಟೆ ನೋಡುತ್ತ ಕುಳಿತೆ. ಮನಸ್ಸೇ ಇಲ್ಲ.

ಕೆಂಗೇರಿಯಿಂದ ವಿಜಯಶ್ರೀ ಎಂಬ ಹುಡುಗಿಯ ಕಾಮೆಂಟ್: ‘ಆಂಟಿ, ಮದುವೆ ಆದ್ಮೇಲೆ ಫಸ್ಟ್ ಗೌರಿ ಹಬ್ಬ. ಕಡುಬು ನೀನೇ ಮಾಡು ಅಂದಿದಾರೆ ಅತ್ತೆ. ನಿಮ್ಮ ಲೋಟದ ಲೆಕ್ಕದಲ್ಲಿ ಹೇಳಿಕೊಡಿ, ಪ್ಲೀಸ್.’

ಜಲಜಾ ಎಲ್ಲವನ್ನೂ ಒಂದೇ ಸ್ಟೀಲ್ ಲೋಟದಲ್ಲಿ ಅಳೆಯುತ್ತಿದ್ದಳು. ಕಡುಬು ನೋಟ್‌ಬುಕ್ಕಿನಲ್ಲಿಲ್ಲ. ನಾನು ಮಾಡಿ ನೋಡೋಣವೆಂದರೆ, ಸಾವಾದ ಮನೆ – ವರ್ಷ ತುಂಬುವವರೆಗೆ ಹಬ್ಬವಿಲ್ಲ, ಕರಿಯಲು ಬಾಣಲೆ ಇಡುವಂತಿಲ್ಲ.

ಬೇರೆ ಬ್ಲಾಗುಗಳಲ್ಲಿ ಬರೆಯಲು ಮನಸ್ಸಿಲ್ಲದಾಗ ಗೆಸ್ಟ್‌ಗಳನ್ನು ಕರೆಯುತ್ತಾರೆ. ನಾನೂ ಕರೆಯುವೆ. ಬ್ಲಾಗ್ ನಿಲ್ಲಬಾರದು, ಅಷ್ಟೇ.

೨೦ ಆಗಸ್ಟ್, ಬುಧವಾರ

ಅನ್ನಪೂರ್ಣೇಶ್ವರಿ ನಗರದ ಚನ್ನಮಲ್ಲಪ್ಪ ಮೇಷ್ಟ್ರು ಕಡುಬಿನ ಬಗ್ಗೆ ಲೇಖನ ಕಳಿಸಿದ್ದಾರೆ. ಏಳು ಪುಟ. ಫೋನ್ ಮಾಡಿದೆ.

“ಸಾರ್, ಕಾಯಿ ಎಷ್ಟು, ಬೆಲ್ಲ ಎಷ್ಟು ಅಂತಾನೇ ಇಲ್ವಲ್ಲ?”

“ಅದೆಲ್ಲ ಹೆಂಗಸರಿಗೆ ಗೊತ್ತಿರುತ್ತೆ ಕಣ್ರೀ. ನಾನು ಬರೆದಿರೋದು ಸಂಸ್ಕೃತಿ!”

ಜೊತೆಗೆ ಒಂದು ಫೋಟೊ. ಕಡುಬಿನದಲ್ಲ. ಅವರದು – ಶಾಲು, ಹಾರ ಸಮೇತ. ಲೇಖನ ಹಾಕಿದೆ. ಫೋಟೊ ಯಾಕೆ ಹಾಕಲಿಲ್ಲ ಎಂದು ಸಂಜೆಯೊಳಗೆ ಮೂರು ಸಲ ಫೋನ್.

೨೩ ಆಗಸ್ಟ್, ಶನಿವಾರ

ಕಡುಬಿನ ಅಳತೆ ಬರೆದುಕೊಡಿ ಎಂದು ಮಹಡಿ ಮೇಲೆ ಬಾಡಿಗೆಗಿರುವ ಕಸ್ತೂರೆವ್ವನನ್ನು ಕೇಳಿದೆ. ಇಳಕಲ್ ಕಡೆಯವರು.

“ನನಗ ಬರಿಯಾಕ ಬರಂಗಿಲ್ರೀ ಅಣ್ಣಾರ.”

“ನೀವು ಹೇಳಿ, ನಾನು ಬರ್ಕೋತೀನಿ.”

“ಹೇಳಾಕೂ ಬರಂಗಿಲ್ರೀ. ಮಾಡಿ ತೋರಸ್ತೀನಿ, ಬರ್ರಿ.”

ಜಲಜಾಳ ಲೋಟ ಹಿಡಿದು ಮೇಲೆ ಹೋದೆ. ಆಕೆ ಹಿಟ್ಟನ್ನು ಮುಷ್ಟಿಯಲ್ಲಿ ತೆಗೆದು ಪರಾತಕ್ಕೆ ಹಾಕುವವರು. ನಾನು ಕೈ ಅಡ್ಡ ಹಿಡಿದು, ಮೊದಲು ಲೋಟಕ್ಕೆ, ಆಮೇಲೆ ಪರಾತಕ್ಕೆ. ಮೂರನೆಯ ಮುಷ್ಟಿಗೆ ಆಕೆಗೆ ರೇಗಿತು.

“ಏನ್ರೀ ಅಣ್ಣಾರ, ರೇಷನ್ ಅಂಗಡಿ ಇಟ್ಟೀರೇನು?”

ಒಂದೂವರೆ ಲೋಟ. ಬರೆದುಕೊಂಡೆ. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕೆ ಅನ್ನಿಸಿತು. ಇಳಿದು ಬಂದು ಬ್ಲಾಗಿಗೆ ಹಾಕಿದ ಮೇಲೆ ಬೇಜಾರಾಯಿತು.

೨೬ ಆಗಸ್ಟ್, ಮಂಗಳವಾರ

ಎದುರು ಮನೆ ವಿಮಲಮ್ಮ ಖಾರದ ಕಡುಬು ಬರೆದುಕೊಟ್ಟರು. ಸದ್ಯ, ಅಳತೆ ಸರಿಯಾಗಿದೆ. ಆದರೆ ಮೊದಲ ಸಾಲು – ‘ನನ್ನ ಗೆಳತಿ ಜಲಜಾ ಇಲ್ಲದ ಮೊದಲ ಗೌರಿ ಹಬ್ಬ.’

ಅಳಿಸಿದೆ. ಉಳಿದದ್ದು ಹಾಕಿದೆ.

೨೮ ಆಗಸ್ಟ್, ಗುರುವಾರ

ವಿಮಲಮ್ಮ ಗೇಟಿನ ಹತ್ತಿರವೇ ನಿಂತು ಕೇಳಿದರು. “ನಾಣಿಯೋರೇ, ನನ್ನ ಮೊದಲನೇ ಸಾಲು ಎಲ್ಲಿ?”

“ಉದ್ದ ಆಯ್ತು ಅಂತ...”

“ಏಳು ಪದ ಉದ್ದ ಆಯ್ತಾ? ಮೇಷ್ಟ್ರ ಏಳು ಪುಟ ಹಾಕಿದೀರಲ್ಲ!”

 ಗೇಟಿನ ಚಿಲಕ ತೆಗೆದೆ, ಹಾಕಿದೆ.

“ಇಪ್ಪತ್ತು ವರ್ಷ ದಿನಾ ಸಾಯಂಕಾಲ ಹಾವನೂರು ಸರ್ಕಲ್‌ವರೆಗೂ ಅವಳ ಜೊತೆ ನಡೆದಿದೀನಿ. ನಾನು ಅಳೋದಕ್ಕೂ ನಿಮ್ಮ ಪರ್ಮಿಷನ್ ಬೇಕಾ? ಇನ್ನೂ ಎಷ್ಟು ದಿನ ಅವಳನ್ನ ಒಲೆ ಮುಂದೆ ನಿಲ್ಲಿಸ್ತೀರಾ ನೀವು?”

ಹೋದರು. ಎಲ್ಲರಿಗೂ ಸಿಟ್ಟು ಮಾಡಲು ನಾನೇ ಸಿಗುತ್ತೇನೆ. ಗೆಸ್ಟೂ ಬೇಡ, ಏನೂ ಬೇಡ.

೨ ಸೆಪ್ಟೆಂಬರ್, ಮಂಗಳವಾರ. ಗೌರಿ ಹಬ್ಬ

ಗುರುವಾರದಿಂದ ಕಂಪ್ಯೂಟರ್ ಮುಟ್ಟಿಲ್ಲ.

ಹಬ್ಬವಿಲ್ಲದ ಮನೆಗೆ ಹಬ್ಬ ಮಾಡಿದವರು ತಂದುಕೊಡುತ್ತಾರೆ. ಕಸ್ತೂರೆವ್ವನ ಮನೆಯಲ್ಲಿ ಕಡುಬು ನಾಳೆ ಚೌತಿಗಂತೆ. ನನಗಾಗಿ ಇವತ್ತೇ ನಾಲ್ಕು ಕರಿದು ತಂದರು. “ಅಳತಿ ಹಿಡಿದೇ ಮಾಡೀನ್ರೀ, ನಿಮ್ಮ ಲೋಟದ ಲೆಕ್ಕ.” ವಿಮಲಮ್ಮ ಬೆಲ್ ಒತ್ತಲಿಲ್ಲ. ಬಾಳೆಲೆ ಮುಚ್ಚಿದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೋದರು. ಖಾರದ ಕಡುಬು. ಜಲಜಾ ಕೇಳಿ ಹಾಕಿಸುತ್ತಿದ್ದ ಹಾಗೇ, ಎಳ್ಳು ಜಾಸ್ತಿ.

ಸಂಜೆ ೪.೩೦

ಕಂಪ್ಯೂಟರ್ ಹಾಕಿದೆ. ವಿಜಯಶ್ರೀ ಬರೆದಿದ್ದಾಳೆ. ‘ಆಂಟಿ, ಒಂದೂ ಒಡೀಲಿಲ್ಲ! ಅತ್ತೆ ಎರಡು ಸಲ ಹಾಕಿಸ್ಕೊಂಡ್ರು. ಗೆಸ್ಟ್‌ಗಳೆಲ್ಲ ಆಯ್ತು, ನೀವು ಯಾವಾಗ ಬರೆಯೋದು? ನಿಮ್ಮನೇಲಿ ಹಬ್ಬಕ್ಕೆ ಏನು ಮಾಡಿದ್ರಿ?’

ಥ್ಯಾಂಕ್ಸ್ ಎಂದು ಟೈಪ್ ಮಾಡಿದೆ. ಅಳಿಸಿದೆ.

ಮೊದಲು ವಿಮಲಮ್ಮನ ಏಳು ಪದ ವಾಪಸ್ ಹಾಕಿದೆ. ಆಮೇಲೆ ಹೊಸ ಪೋಸ್ಟ್ ತೆಗೆದೆ. ಮೇಲೆ – ‘ಅತಿಥಿ: ನಾಣಿ, ಜಲಜಾಳ ಗಂಡ.’ ಬೆರಳು ಓಡುತ್ತಿಲ್ಲ. ಇಲ್ಲಿ ಪೆನ್ನಿನಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುವೆ.

‘ವಿಜಯಶ್ರೀ, ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ.’

ಇಷ್ಟಕ್ಕೇ ಆ ಹುಡುಗಿಗೆ ಅರ್ಥವಾಗುತ್ತದೆ. ಆದರೂ ಜಲಜಾಳ ಹೆಸರು ಹಿಡಿದು ಹೇಳಬೇಕು.

‘ಜಲಜಾ ಮೇ ಇಪ್ಪತ್ತಮೂರರ ಬೆಳಿಗ್ಗೆ ತೀರಿಕೊಂಡಳು. ಇಷ್ಟು ದಿನ ಥ್ಯಾಂಕ್ಸ್ ಹೇಳಿದವನು ನಾನು.’