ಸ್ಫೂರ್ತಿ ತೊಳೆದ ನಾಣ್ಯಗಳು

ಶಿರಸಿ
ಸೋಮವಾರ, ೨೦ ಜನವರಿ ೨೦೨೫

ಮಗನೇ ಆನಂದಾ,

ಆರಾಮಿದ್ದೀಯಾ? ಹುಬ್ಬಳ್ಳಿಯ ಧೂಳಿಗೆ ನಿನ್ನ ಹಳೆಯ ಕೆಮ್ಮು ಮತ್ತೆ ಹತ್ತಿಕೊಂಡಿದೆ ಎಂದು ನಿನ್ನ ಗೆಳೆಯ ಸುನೀಲ ಹೇಳಿದ. ಔಷಧಿ ಅಂಗಡಿಯವನು ಕೊಟ್ಟದ್ದನ್ನು ಕುಡಿದು ಸುಮ್ಮನಾಗಬೇಡ, ಒಮ್ಮೆ ಡಾಕ್ಟರಿಗೆ ತೋರಿಸು. ನಿನ್ನ ಅವ್ವ ಇವತ್ತು ಬೆಳಿಗ್ಗೆ ಒಣಶುಂಠಿ, ಕಾಳುಮೆಣಸು, ಜೀರಿಗೆ ಹುರಿದು ಕಷಾಯದ ಪುಡಿ ಮಾಡಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ನೋಡಿದರೆ ಪುಡಿ ತುಂಬಿದ ಬಾಟಲಿ ನಾನು ಬರೆಯುತ್ತ ಕೂತ ಮೇಜಿನ ಮೇಲೆ ಬಂದು ಕೂತಿದೆ. ನಾಳೆ ಸುನೀಲ ಹುಬ್ಬಳ್ಳಿಗೆ ಹೊರಡುವಾಗ ಈ ಕಾಗದದ ಜೊತೆ ಅದನ್ನೂ ಕೊಡುತ್ತೇನೆ. ಅವಳ ಮೊಣಕಾಲು ನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ, ಗಾಬರಿಪಡುವಂಥದ್ದೇನಿಲ್ಲ. ಗೀತಾ ಹೊಲಿಗೆಯ ಕೆಲಸ ಬಿಟ್ಟಿಲ್ಲ. ಅವಳು ನಮಗೆ ಸೊಸೆಯಾಗಿದ್ದವಳು ಈಗ ಮಗನೂ ಆಗಿದ್ದಾಳೆ. ಇದನ್ನು ಚುಚ್ಚಲೆಂದು ಬರೆದದ್ದಲ್ಲ, ಇರುವುದನ್ನು ಬರೆದೆ.

ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಸಿಟ್ಟು ಬರುತ್ತದೆ, ನನ್ನ ಸಿಟ್ಟು ಕೇಳಿದ ಕೂಡಲೇ ನೀನು ಫೋನು ಇಡುತ್ತೀಯ. ನೀನು ಮನೆ ಬಿಟ್ಟು ಅಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ನಮ್ಮಿಬ್ಬರ ಒಂದು ಮಾತೂ ಕೊನೆ ಮುಟ್ಟಿಲ್ಲ. ಕಾಗದವನ್ನಾದರೂ ಪೂರ್ತಿ ಓದುತ್ತೀಯ ಎಂಬ ಆಸೆ. ನಿನ್ನ ನಾಣ್ಯದ ಡಬ್ಬಿ ತರಲು ನಿನ್ನೆ ಸುನೀಲನನ್ನು ಕಳಿಸಿದ್ದೆಯಲ್ಲ, ಅದನ್ನು ನಾನು ಕೊಟ್ಟಿಲ್ಲ. ಸಿಟ್ಟಿನಿಂದ ಅಲ್ಲ. ಏಕೆಂದು ಹೇಳುತ್ತೇನೆ, ಕೇಳು.

ಆ ಡಬ್ಬಿ ತುಂಬಿದ್ದು ಹೇಗೆಂದು ನಿನಗೆ ಮರೆತಿರಲಿಕ್ಕಿಲ್ಲ. ಯಲ್ಲಾಪುರದ ಬಸ್ಸಿರಲಿ, ಸಿದ್ದಾಪುರದ ಬಸ್ಸಿರಲಿ, ನನ್ನ ಕಂಡಕ್ಟರ್ ಚೀಲಕ್ಕೆ ಅಪರೂಪದ ನಾಣ್ಯವೊಂದು ಬಿದ್ದರೆ ನನ್ನ ಕಿಸೆಯದನ್ನು ಚೀಲಕ್ಕೆ ಹಾಕಿ ಅದನ್ನು ನಿನಗೆಂದು ತೆಗೆದಿಡುತ್ತಿದ್ದೆ. ತಾವರೆಯಿದ್ದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಸಿಕ್ಕ ದಿನ ನೀನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ. ಬಿಳಗಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ನನ್ನ ಮಗನ ಹುಚ್ಚಿನ ಕತೆ ಕೇಳಿ, ಎಲೆಅಡಿಕೆಯ ಸಂಚಿಯಿಂದ ತೂತು ಕಾಸೊಂದನ್ನು ತೆಗೆದು “ನಿಂಗಳ ಮಾಣಿಗೆ ಕೊಡಿ” ಎಂದು ನನ್ನ ಅಂಗೈಯಲ್ಲಿಟ್ಟಿದ್ದಳು. ನಾನು ಡಿಪೋದಿಂದ ಬರುವುದನ್ನೇ ಕಾದು, ಅಪ್ಪ ಉಂಡನೋ ಇಲ್ಲವೋ ಎಂದೂ ಕೇಳದೆ, ಮೊದಲು ನನ್ನ ಕಿಸೆಗೆ ಕೈ ಹಾಕುತ್ತಿದ್ದೆ ನೀನು. ಆ ಪುಟ್ಟ ಕೈಗೆ ಬರಿಗೈಯಲ್ಲಿ ಎದುರಾಗಬಾರದೆಂದು ನಾನು ಎಷ್ಟು ಜನರ ಹತ್ತಿರ ಹಲ್ಲು ಗಿಂಜಿದ್ದೇನೆಂದು ನಿನಗೆ ಗೊತ್ತಿಲ್ಲ.

ಈಗ ನಿನ್ನ ಮಗಳ ಸುದ್ದಿ. ಸ್ಫೂರ್ತಿಯ ಶಾಲೆಯಲ್ಲಿ ಮೊನ್ನೆ ಶನಿವಾರ ವಿಜ್ಞಾನ ಪ್ರದರ್ಶನವಿತ್ತು. ಕಪ್ಪಾದ ನಾಣ್ಯ ಯಾವುದರಿಂದ ಚೆನ್ನಾಗಿ ಬೆಳಗುತ್ತದೆ ಎಂದು ತೋರಿಸುವುದು ಅವಳ ವಿಷಯ. ಯಾವುದೋ ವಿಡಿಯೊ ನೋಡಿ ತಾನೇ ಆರಿಸಿಕೊಂಡದ್ದು. ಸಂಕ್ರಾಂತಿಯ ಹಿಂದೆಮುಂದೆ ನಮ್ಮ ಅಡುಗೆಮನೆ ಅಡುಗೆಮನೆಯಾಗಿ ಉಳಿದಿರಲಿಲ್ಲ. ಒಂದು ಲೋಟದಲ್ಲಿ ಕೋಲಾ, ಒಂದರಲ್ಲಿ ಹುಣಸೆಹುಳಿ ಮತ್ತು ಉಪ್ಪು, ಒಂದರಲ್ಲಿ ನಿಂಬೆರಸ, ಒಂದರಲ್ಲಿ ಟೊಮೆಟೊ ಸಾಸು, ಬಟ್ಟಲೊಂದರಲ್ಲಿ ಹಲ್ಲುಜ್ಜುವ ಪೇಸ್ಟು. ಸಾರಿಗೆ ಹುಣಸೆಹಣ್ಣಿಲ್ಲ ಎಂದು ಗೀತಾ ಹುಡುಕಾಡಿದರೆ ಅದು ನಾಣ್ಯದ ಲೋಟದಲ್ಲಿತ್ತು. ನಿನ್ನ ಅವ್ವ, “ಮಂದಿ ಕುಡಿಯೂದನ್ನ ರೊಕ್ಕಕ್ಕ ಕುಡಿಸ್ತಾಳ ನೋಡ್ರಿ ನಿಮ್ಮ ಮೊಮ್ಮಗಳು” ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕೇಳಿ ಬಹಳ ದಿನಗಳಾಗಿದ್ದವು.

ಮೊದಲು ನನ್ನ ಕಿಸೆಯ ಚಿಲ್ಲರೆಯ ಮೇಲೆಯೇ ಅವಳ ಪ್ರಯೋಗ ನಡೆದಿತ್ತು. ಅಷ್ಟರಲ್ಲಿ ನೀನು ಫೋನಿನಲ್ಲಿ ಅವಳಿಗೆ ಶನಿವಾರ ಖಂಡಿತ ಬರುತ್ತೇನೆ ಎಂದೆ. ಅವಳು ಕಪಾಟಿನಿಂದ ನಿನ್ನ ಡಬ್ಬಿ ಇಳಿಸಿದ್ದು ಆಮೇಲೆ. “ಅಜ್ಜಾ, ಅಪ್ಪ ಬರೂದ್ರಾಗ ಎಲ್ಲಾ ಹೊಸಾವ್ನಂಗ ಮಾಡೂಣು” ಎಂದಳು. ನನಗೂ ಅದು ಚಂದದ ಮಾತೇ ಅನ್ನಿಸಿತು. ತಾಮ್ರದವನ್ನು ಕೋಲಾದಲ್ಲಿ ನೆನೆಸಿ ಹುಣಸೆಹುಳಿಯಲ್ಲಿ ತಿಕ್ಕಿದಳು, ಅವು ಎಳೆಗೂಸಿನ ಮೈಯ ಹಾಗೆ ಕೆಂಪಗಾದವು. ತಾವರೆಯ ನಾಣ್ಯ ಬಂಗಾರವೇ ಆಯಿತು. ಅಲ್ಯೂಮಿನಿಯಂ ಹತ್ತು ಪೈಸೆ ಮಾತ್ರ ಅಡುಗೆಸೋಡಾ ಕರಗಿಸಿದ ನೀರಿಗೆ ಬಿದ್ದು ಮಂಕಾಯಿತು, ಅದಕ್ಕೆ ಒಂದಿಡೀ ಸಂಜೆ ಮುಖ ಸಣ್ಣದು ಮಾಡಿಕೊಂಡಿದ್ದಳು. ನಾನೂ ಪಕ್ಕದಲ್ಲಿ ಹಳೆಯ ಬ್ರಷ್ ಹಿಡಿದು ಕೂತಿದ್ದೆ. ತಿಕ್ಕುತ್ತ ತಿಕ್ಕುತ್ತ ಒಂದೊಂದು ನಾಣ್ಯ ಸಿಕ್ಕ ಬಗೆಯನ್ನು ಹೇಳುತ್ತಿದ್ದೆ. ನೀನು ಸಣ್ಣವನಿದ್ದಾಗಿನ ಸುದ್ದಿಯೆಂದರೆ ಅವಳಿಗೆ ಹೊಟ್ಟೆ ತುಂಬುವುದೇ ಇಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾಳೆ.

ಶನಿವಾರ ಅವಳು ತನ್ನ ಮೇಜಿನ ಪಕ್ಕ ನಿನಗೆಂದು ಒಂದು ಕುರ್ಚಿ ಹಾಕಿಕೊಂಡಿದ್ದಳು. ಯಾರಾದರೂ ಕೂರಲು ಬಂದರೆ “ನಮ್ಮಪ್ಪ ಬರಾವ್ರದಾರ” ಎಂದು ಎಬ್ಬಿಸುತ್ತಿದ್ದಳು. ಮನೆಯಲ್ಲಿ ನಿನ್ನನ್ನು ಏಕವಚನದಲ್ಲಿ ಕರೆಯುವವಳು ಅಲ್ಲಿ ಬಹುವಚನ ಬಳಸುತ್ತಿದ್ದಳು. ಮಧ್ಯಾಹ್ನದ ಮೇಲೆ ರವೀಂದ್ರ ಎಂಬವರು ಬಂದರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹಳೆಯ ನಾಣ್ಯ ಕೂಡಿಸುವವರು. ಅವಳ ವಿವರಣೆ ಕೇಳಿ ಶಹಬ್ಬಾಸ್ ಎಂದರು. ಆಮೇಲೆ ನನ್ನನ್ನು ಬಾಗಿಲ ಬಳಿಗೆ ಕರೆದು ತಗ್ಗಿದ ದನಿಯಲ್ಲಿ, ಹಳೆಯ ನಾಣ್ಯವನ್ನು ತೊಳೆಯಬಾರದಿತ್ತು ಎಂದರು. “ಆ ಕಪ್ಪು ಅಂದ್ರೆ ಅದರ ವಯಸ್ಸು ಬಸಪ್ಪನವರೆ. ಹೋದದ್ದು ಮತ್ತೆ ಬರೂದಿಲ್ಲ. ಇವು ಕೆಟ್ಟು ಹೋದ ಹಾಗೇ.” ಮಗುವಿಗೆ ಮಾತ್ರ ಹೇಳಬೇಡಿ ಎಂದು ನಾನು ಕೈ ಮುಗಿದೆ. ಒಳ್ಳೆಯ ಮನುಷ್ಯ, ತಲೆಯಾಡಿಸಿ ಹೋದರು.

ನೀನು ಬರಲಿಲ್ಲ. ನಿನ್ನ ಫೋನು ಸ್ವಿಚ್ ಆಫ್ ಆಗಿತ್ತು. ಬೇರೆ ಮಕ್ಕಳು ಮೇಜು ಖಾಲಿ ಮಾಡಿ ಹೊರಟರೂ ಇವಳು ಲೋಟಗಳನ್ನು ಎತ್ತಲು ಬಿಡಲಿಲ್ಲ. ಕಡೆಗೆ ಗುಡಿಸುವವರು ಬಂದರು. ಗೀತಾ ಆ ಕುರ್ಚಿಯನ್ನು ತಾನೇ ಎತ್ತಿ ಒಳಗಿಟ್ಟು ಬಂದಳು. ಮನೆಗೆ ಬರುವ ದಾರಿಯಲ್ಲಿ ಸ್ಫೂರ್ತಿ ನನ್ನ ಕೈ ಹಿಡಿದುಕೊಂಡು, “ಬಸ್ ಕೆಟ್ಟಿರಬೇಕು ಅಜ್ಜಾ” ಎಂದಳು. ಆಯುಷ್ಯವನ್ನೆಲ್ಲ ಬಸ್ಸಿನಲ್ಲಿ ಸವೆಸಿದ ನನಗೆ ಆ ಕೂಸು ಬಸ್ಸಿನ ನೆವ ಹೇಳಿ ಸಮಾಧಾನ ಮಾಡಿತು. ಹೌದವ್ವಾ, ಕೆಟ್ಟಿರಬೇಕು ಎಂದೆ.

ನಿನ್ನೆ ಬೆಳಿಗ್ಗೆ ಸುನೀಲ ಬಂದ. ಬಾಗಿಲಲ್ಲಿ ಬೈಕು ನಿಂತದ್ದೇ ತಡ, ನೀನೇ ಎಂದುಕೊಂಡು ಸ್ಫೂರ್ತಿ ತಲೆ ಬಾಚಿಸಿಕೊಳ್ಳುತ್ತಿದ್ದವಳು ಹಾಗೇ ಓಡಿದಳು. ಸುನೀಲ ಒಳ್ಳೆಯವನು, ಆದರೆ ಮಾತಿಗೆ ಮುಚ್ಚಳವಿಲ್ಲ. ಆನಂದ ನಾಣ್ಯದ ಡಬ್ಬಿ ತರಲು ಹೇಳಿದ್ದಾನೆ, “ಅಲ್ಲಿ ಹುಡುಗಗ ಬೇಕಾಗ್ಯಾವಂತ್ರಿ ಕಾಕಾ” ಎಂದುಬಿಟ್ಟ. ಗೀತಾ ಒಳಗೆ ಹೋಗಿ ಮಷಿನ್ನಿನ ಮುಂದೆ ಕೂತಳು. ಮಷಿನ್ನಿನ ಸದ್ದು ಮಾತ್ರ ಬರಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಆನಂದಾ. ಅವನು ಆ ಹೆಂಗಸಿನ ಮಗ, ಅವನಿಗೂ ಕಿಸೆಗೆ ಕೈ ಹಾಕಲು ಒಬ್ಬ ಅಪ್ಪ ಬೇಕು. ಆದರೆ ನಿನಗೆ ಈ ಮನೆಯಿಂದ ನೆನಪಾದದ್ದು ಡಬ್ಬಿಯೊಂದೇ. ಸುನೀಲನಿಗೆ ಉತ್ತರ ಕೊಟ್ಟವಳು ಸ್ಫೂರ್ತಿಯೇ. “ಇನ್ನೂ ರೆಡಿ ಆಗಿಲ್ರಿ ಕಾಕಾ. ಸ್ವಲ್ಪ ದಿನ ತಡಿ ಅಂತ ಅಪ್ಪಗ ಹೇಳ್ರಿ” ಎಂದು ಡಬ್ಬಿಯನ್ನು ಎದೆಗವಚಿಕೊಂಡು ಹಿತ್ತಲಿಗೆ ಹೋದಳು.

ಊಟಕ್ಕೆ ಕರೆದರೆ ಬರಲಿಲ್ಲ. ಹೋಗಿ ನೋಡಿದೆ. ಮಲ್ಲಿಗೆ ಬಳ್ಳಿಯ ಬುಡದಲ್ಲಿ ಕೂತಿದ್ದಳು. ನಾಣ್ಯಗಳಿಗೆ ದೀಪದ ಕಾಡಿಗೆ ಮೆತ್ತಿದ್ದಳು. ಕೆಲವನ್ನು ಚಹದ ಕಪ್ಪು ನೀರಿನಲ್ಲಿ ಅದ್ದಿದ್ದಳು, ಕೆಲವನ್ನು ಹಸಿ ಮಣ್ಣಿನಲ್ಲಿ ಹೂತಿದ್ದಳು. ಕೈ, ಲಂಗ, ಕೆನ್ನೆ ಎಲ್ಲ ಮಸಿ. ಇದೇನವ್ವಾ ಎಂದು ಕೇಳಿದೆ. ರವೀಂದ್ರ ಅವರ ಮಾತು ಅವಳ ಕಿವಿಗೂ ಬಿದ್ದಿತ್ತು.

“ನಾ ತೊಳದು ಕೆಡಿಸಿದ್ದು ಅಪ್ಪಗ ಗೊತ್ತಾಗೇತಿ ಅಜ್ಜಾ. ಅದಕ್ಕ ಬರಲಿಲ್ಲ, ಅದಕ್ಕ ಡಬ್ಬಿ ಒಯ್ಯಾಕ ಕಳಿಸ್ಯಾನ. ಮೊದಲಿನಂಗ ಕಪ್ಪಾದ್ರ ಬರ್ತಾನಲ್ಲ?”

ಅವಳ ಪಕ್ಕ ಮಣ್ಣಿನಲ್ಲೇ ಕೂತೆ. ಅಲ್ಲವ್ವಾ, ಅದಕ್ಕಲ್ಲ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಮತ್ಯಾಕ ಬರಲಿಲ್ಲ ಎಂದು ಕೇಳಿದಳು. ನೀನು ಅಂಗಡಿಯ ಕೆಲಸಕ್ಕೆ ಅಲ್ಲಿದ್ದೀಯ ಎಂದೇ ಇಷ್ಟು ದಿನ ಹೇಳಿದ್ದೆ, ನಿನ್ನೆಯೂ ಅದನ್ನೇ ಹೇಳಿದೆ. ಗೀತಾ ಬಂದು ಸೆರಗಿನಿಂದ ಅವಳ ಮುಖ ಒರೆಸಿ ಒಳಗೆ ಕರೆದೊಯ್ದಳು. ಇವತ್ತು ಶಾಲೆಗೆ ಹೋಗಿದ್ದಾಳೆ. ಹೋಗುವ ಮೊದಲು ಹಿತ್ತಲಿಗೆ ಹೋಗಿ ಮಣ್ಣು ಕೆದರಿ ನೋಡಿ ಬಂದಳು.

ನಾನು ನಿನ್ನನ್ನು ಬೈಯಲು ಕೂತವನು ಬೈಯಲಾಗದೆ ಏಳುತ್ತಿದ್ದೇನೆ. ನೀನು ಎಲ್ಲಿರಬೇಕು, ಯಾರೊಡನೆ ಇರಬೇಕು ಎಂದು ಹೇಳುವ ಕಾಲ ದಾಟಿತು. ಅವ್ವನ ಪುಡಿಯನ್ನು ಬಿಸಿನೀರಿಗೆ ಹಾಕಿ, ಬೆಲ್ಲ ಕೂಡಿಸಿ ಕುಡಿ. ನಿನಗೂ ಆ ಮನೆಯವರಿಗೂ ಬಸವಣ್ಣ ಒಳ್ಳೆಯದು ಮಾಡಲಿ. ನನ್ನ ಬಾಯಿಂದ ನಿನಗೆ ಕೆಟ್ಟದ್ದು ಬರಲಾರದು, ಎಷ್ಟಾದರೂ ಹೆತ್ತ ಕರುಳು.

ನಿನ್ನ ಅಪ್ಪ,
ಬಸಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ. ಸುನೀಲ ಬೈಕು ನಿಲ್ಲಿಸಿಕೊಂಡೇ ಕರೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡಬ್ಬಿ ಬೇಕಾದರೆ ನೀನೇ ಬಂದು ಅವಳ ಕೈಯಿಂದ ತಗೊ. ಬರಲಾಗದಿದ್ದರೆ ಇವತ್ತೇ ಫೋನು ಮಾಡು. ನನಗಲ್ಲ, ಅವಳಿಗೆ. ಬಾರದ್ದಕ್ಕೆ ಕಾರಣ ಏನು ಬೇಕಾದರೂ ಹೇಳು, ನಿಜ ಹೇಳಿದರೂ ಸರಿ, ನಾವು ಸಂಭಾಳಿಸಿಕೊಳ್ಳುತ್ತೇವೆ. ತಪ್ಪು ಅವಳದಲ್ಲ ಎಂಬುದನ್ನು ಮಾತ್ರ ನಿನ್ನ ಬಾಯಿಂದಲೇ ಹೇಳು ಮಗನೇ. ನಾನು ಹೇಳಿದರೆ ಅವಳು ನಂಬುವುದಿಲ್ಲ.