ನೆಲ ಮುಟ್ಟಿದ ಹಲಗೆ

ಖುರ್ದಾದ್ ತಿಂಗಳು, ೧೩೫೩ನೇ ಫಸಲಿ ವರ್ಷ. ಅಮಾವಾಸ್ಯೆ. ಸುರಪುರ.

ಉಳಿ ಹಿಡಿಯದ ದಿನ ಅಂಗೈ ತುರಿಸುತ್ತದೆ. ಇವತ್ತು ತುರಿಸಿದರೂ ಸುಖವೇ.

ಜಾಗೀರದಾರರ ಎರಡು ಕುದುರೆ ನಾಳೆ ನಸುಕಿಗೆ ಲಾರಿಯಲ್ಲಿ ಯಾದಗಿರಿ ಸ್ಟೇಷನ್ನಿಗೆ ಹೋಗಬೇಕು. ಅವುಗಳ ನಡುವೆ ನಾನು ಕೂರಿಸಿದ ಹಲಗೆಯ ಅಡ್ಡಗೋಡೆಯ ಕೆಳಗೆ ಎರಡು ಮೊಳ ತೆರಪು ಬಿಟ್ಟಿದ್ದೆ. ಲಾಯದ ಉಸ್ತುವಾರಿಯ ದರೋಗಾ ನಾನು ಕಟ್ಟಿಗೆ ಕದ್ದವನೆಂಬಂತೆ ಬೈದು, ನಿನ್ನೆ ನನ್ನ ಕೈಯಿಂದಲೇ ನೆಲ ಮುಟ್ಟುವಂತೆ ಇನ್ನೊಂದು ಹಲಗೆ ಬಡಿಸಿದರು. ಲಾರಿ ತಿರುಗುವಾಗ ಕುದುರೆ ಕಾಲು ಅಗಲಿಸುತ್ತದೆ, ಜಾಗವಿಲ್ಲದಿದ್ದರೆ ಬೀಳುತ್ತದೆ ಎಂದರೂ ಕೇಳಲಿಲ್ಲ.

ಇವತ್ತು ಬರಿಗೈಯಲ್ಲಿ ಹೋದೆ.

"ಸಾಹೇಬ್ರ, ಕುದುರಿ ನಿಂತಂಗ ಆ ಹಲಗಿಗೆ ಕಾಲು ಹಚ್ಚಿ ನೀವ ನಿಂದರ್ರಿ. ಏನೂ ಹಿಡೀಬ್ಯಾಡ್ರಿ. ರಂಗಂಪೇಟಿತನಕ ಹೋಗಿ ಬರೂಣು."

ದರೋಗಾ ಪಂತಕ್ಕೆ ಬಿದ್ದು ಲಾರಿ ಹತ್ತಿದರು. ಮೊದಲ ತಿರುವಿನಲ್ಲೇ ಹುಲ್ಲಿನ ಮೇಲೆ ಬಿದ್ದರು. ಡ್ರೈವರ್ ನಕ್ಕ, ನಾನು ನಗಲಿಲ್ಲ.

"ತಗಿ ಅದನ್ನ, ಈಗಿಂದೀಗ!"

"ಇವತ್ತು ಅಮಾಸಿರಿ. ನಾವು ಬಡಿಗ್ಯಾರು ಉಳಿ, ಸುತ್ತಿಗಿ, ಯಾವ ಹತಾರಾನೂ ಮುಟ್ಟಂಗಿಲ್ಲ. ನೀವ ಬಡಿಸಿದ್ದು, ನೀವ ಕೀಳ್ರಿ."

"ಜೇಲಿಗೆ ಹಾಕಸ್ತೀನಿ ನಿನ್ನ!"

"ಹಾಕಸ್ರಿ. ಅಲ್ಲೂ ಇವತ್ತು ಅಮಾಸೀನ."

ಕೊನೆಗೆ ಡ್ರೈವರನ ಇಕ್ಕಳ ಹಿಡಿದು ಅವರೇ ಕೂತರು. ನಾನು ಕೈ ಕಟ್ಟಿ ನಿಂತು ಒಂದೊಂದೇ ಮೊಳೆ ತೋರಿಸಿದೆ. ಎಂಟರಲ್ಲಿ ಏಳು ಬಂದವು. ಕೊನೆಯದು ಅಲುಗಲಿಲ್ಲ.

"ಮೌನಪ್ಪಾ, ಇದೊಂದು ತಗಿಯೋ," ಎಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದದ್ದು.

ತೆಗೆಯಲಿಲ್ಲ. ಅವರು ಕಿತ್ತು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.