ಹೂ ಮುಡಿದ ನಲ್ಲಿ

ಪರೇಲ್, ೧೯೫೪

ಮಹಾಜನರೇ, ಮಾತೆಯರೇ! ಕ್ಷಮಿಸಿ, ಶಾಸಕರಾದ ಪದ್ಮನಾಭ ರಾಯರೇ. ನಾಟಕ ಕಂಪನಿಯಲ್ಲಿ ಬೆಳೆದವನಿಗೆ ಕಾಗದ ಬರೆಯುವಾಗಲೂ ಎದುರಿಗೆ ಸಭೆಯೇ ಕಾಣುತ್ತದೆ.

ನೀವು ಓಡಾಡಿ ಸಾಲು ಬಾಡಿಗೆ ಕೋಣೆಗಳ ನಮ್ಮ ಚಾಳಿನ ಮೂರನೆಯ ಮಾಳಿಗೆಗೆ ನಲ್ಲಿ ಹಾಕಿಸಿದಿರಿ. ಆ ಉಪಕಾರ ಮರೆಯುವಂಥದಲ್ಲ. ನಿಮ್ಮ ಕೈಯಿಂದಲೇ ಉದ್ಘಾಟನೆಯಾಗಲಿ ಎಂದು ಅದಕ್ಕೆ ಹಾರ ಹಾಕಿ, ಕೆಂಪು ರಿಬ್ಬನ್ ಕಟ್ಟಿದವನು ನಾನೇ. ಎರಡು ಸಲ ದಿನ ಮುಂದೆ ಹೋಯಿತು, ಹಾರ ಬಾಡಿತು. ಅದೇ ಮಾಳಿಗೆಯ ತುಂಬು ಗರ್ಭಿಣಿ ನೀಲಾವತಿ ಈಗಲೂ ಕೆಳಗಿನಿಂದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಾಳೆ.

ನಿನ್ನೆ ಅರ್ಧ ಮೆಟ್ಟಿಲಲ್ಲಿ ನಿಂತು ಕೇಳಿದಳು: “ಕೊರಗಪ್ಪಣ್ಣ, ಮದುಮಗಳು ಹೂ ಮುಡಿದು ಕೂತಾಯ್ತು. ಮದುಮಗ ಎಲ್ಲಿ ಮಾರಾಯ್ರೇ? ನನ್ನ ಹೆರಿಗೆ ಆದ ಮೇಲೆ ಬರ್ತಾರಾ?”

ಚಾಳೆಲ್ಲ ನಕ್ಕಿತು.

ನಮ್ಮ ಕಂಪನಿಯಲ್ಲಿ ರಾಜಪಾರ್ಟಿನವರು ಬರುವುದು ತಡವಾದರೆ ಇನ್ನೊಬ್ಬ ಬಣ್ಣ ಹಚ್ಚುತ್ತಿದ್ದ. ಪರದೆ ಮಾತ್ರ ಹೊತ್ತಿಗೆ ಸರಿಯಾಗಿ ಏಳುತ್ತಿತ್ತು. ಅದಕ್ಕೇ ಈ ಕಾಗದವನ್ನು ಇಂದೇ ನಿಮ್ಮ ಕಚೇರಿಗೆ ತಂದುಕೊಡುತ್ತಿದ್ದೇನೆ. ದಯವಿಟ್ಟು ನಾಳೆ ಬನ್ನಿ. ಆಗದಿದ್ದರೆ ಬೇಸರಿಸಬೇಡಿ: ಬೆಳಿಗ್ಗೆ ನೀರು ಬರುವ ಹೊತ್ತಿಗೆ ನಿಮ್ಮ ಹೆಸರನ್ನು ಚಾಳು ಅದುರುವಂತೆ ಕೂಗಿ, ರಿಬ್ಬನ್ ಬಿಚ್ಚಿ, ಮೊದಲ ಕೊಡವನ್ನು ನಾನೇ ನೀಲಾವತಿಯ ಬಾಗಿಲಿಗೆ ಹೊತ್ತು ಕೊಡುತ್ತೇನೆ.

ಇತಿ ತಮ್ಮ ವಿಧೇಯ,
ರಾಜಪಾರ್ಟಿನ ಕೊರಗಪ್ಪ